ಜಿಲ್ಲಾಸ್ಪತ್ರೆ ಸುರಕ್ಷಾ ಕ್ಲಿನಿಕ್: ಮಾತ್ರೆ ಸರಿಯಾಗಿ ಕೊಡ್ತಾರೆ, ಏಟಿನ ಬಗ್ಗೆ ಕೇಳಲ್ಲ

ಸುರಕ್ಷಾ ಕ್ಲಿನಿಕ್ ಅಂದ್ರೆ ಸರ್ಕಾರಿ ಆಸ್ಪತ್ರೆಲಿ ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡೋ ಜಾಗ. ಊರಿನ ಹೆಸರು ಹಾಕ್ತಿಲ್ಲ, ಹಾಕಿದ್ರೆ ನನ್ ಜೊತೆ ಬರೋ ಹೆಣ್ಮಕ್ಕಳ ಗುರುತು ಸಿಕ್ಬಿಡುತ್ತೆ. ನಾನೂ ಅವರ ಥರ ಲೈಂಗಿಕ ಕೆಲಸದಲ್ಲೇ ಇದ್ದೋಳು, ಈಗ ಪೀರ್ ಆಗಿದೀನಿ, ಅಂದ್ರೆ ಅದೇ ಕೆಲಸದ ಹೆಣ್ಮಕ್ಕಳಿಗೆ ನೆರವಾಗೋ ಜೊತೆಗಾತಿ. ನನ್ನ ಲಿಸ್ಟಲ್ಲಿ ಅರವತ್ತು ಜನ ಇದಾರೆ, ಅವರನ್ನ ಮೂರು ತಿಂಗಳಿಗೊಂದ್ಸಲ ಚೆಕಪ್‌ಗೆ, ಆರು ತಿಂಗಳಿಗೊಂದ್ಸಲ ಎಚ್‌ಐವಿ ಮತ್ತೆ ಸಿಫಿಲಿಸ್ ಟೆಸ್ಟಿಗೆ ಕರ್ಕೊಂಡ್ ಹೋಗೋದು ನನ್ ಕೆಲಸ.

ಔಷಧಿ ವಿಷಯದಲ್ಲಿ ಈ ಕ್ಲಿನಿಕ್ಕಿಗೆ ಪೂರ್ತಿ ಮಾರ್ಕ್ಸ್. ಎಲ್ಲಾ ಫ್ರೀ. ಬಿಳಿ ಹೋಗ್ತಿದೆ ಅಂದ್ರೆ ಸುಮ್ನೆ ಚೀಟಿ ಬರೆದು ಕಳಿಸಲ್ಲ, ಒಳಗೆ ನೋಡ್ತಾರೆ, ಗರ್ಭಕೋಶದ ಬಾಯಿಗೆ ಸೋಂಕಾಗಿದ್ರೆ ಬೂದು ಬಣ್ಣದ ಮಾತ್ರೆ ಕಿಟ್, ಯೋನಿದಾದ್ರೆ ಹಸಿರು ಕಿಟ್. ಏನೂ ತೊಂದ್ರೆ ಇಲ್ದೇ ಇದ್ರೂ ಬನ್ನಿ ಅಂತಾರೆ, ಅದು ಸರಿನೇ, ಯಾಕಂದ್ರೆ ಹೆಂಗಸರಲ್ಲಿ ಗೊನೋರಿಯಾ, ಕ್ಲಮೈಡಿಯಾ ಎಷ್ಟೋ ಸಲ ಒಂದು ಉರಿನೂ ತೋರಿಸದೆ ಒಳಗೇ ಕೂತಿರುತ್ತೆ. ಮೆಡಿಕಲ್ ಶಾಪಲ್ಲಿ ಎರಡು ಮಾತ್ರೆ ಕೇಳಿ ತಗೊಂಡು ನುಂಗೋ ಅಭ್ಯಾಸ ದಯವಿಟ್ಟು ಬಿಡಿ.

ನನ್ ಬೇಜಾರು ಬೇರೆ. ಮೊನ್ನೆ ಒಬ್ಬಳನ್ನ ಕರ್ಕೊಂಡ್ ಹೋಗಿದ್ದೆ, ತುಟಿ ಒಡೆದಿತ್ತು, ತೋಳಲ್ಲಿ ಕಂದಿತ್ತು, ಸೆರಗು ಹೊದ್ದು ಕೂತಿದ್ಲು. ಒಳಗೆ ಕೇಳಿದ್ದು ವಾರಕ್ಕೆ ಎಷ್ಟು ಗಿರಾಕಿ, ಕಾಂಡೋಮ್ ಹಾಕ್ತೀಯಾ, ಅಷ್ಟೇ, ಅದೂ ಬಾಗ್ಲು ತೆಗೆದಿಟ್ಟು ಲೈನಲ್ಲಿ ನಿಂತೋರಿಗೆಲ್ಲಾ ಕೇಳ್ಸೋ ಹಾಗೆ. ಇವಳು ಎಲ್ರಿಗೂ ಹಾಕ್ತೀನಿ ಮೇಡಂ ಅಂದ್ಲು, ಅವರು ಬರ್ಕೊಂಡ್ರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತ್ಮೇಲೆ ನನ್ ಹತ್ರ ಹೇಳಿದ್ಲು, ಅಕ್ಕಾ, ಒಬ್ಬ ಅಂತ ಮಾತಾಗಿತ್ತು, ರೂಮಲ್ಲಿ ಮೂರು ಜನ ಇದ್ರು, ಕಾಂಡೋಮ್ ಅಂದಿದ್ದಕ್ಕೇ ಹೊಡೆದ್ರು ಅಂತ. ಹಿಂದಿನ ರಾತ್ರಿ ಆಗಿದ್ದು. ಎಚ್‌ಐವಿ ತಡೆಯೋ ಪಿಇಪಿ ಮಾತ್ರೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ, 72 ಗಂಟೆ ಒಳಗೆ ಶುರು ಮಾಡ್ಬೇಕು, 28 ದಿನ ತಗೋಬೇಕು. ಆ ಮರದ ಕೆಳಗೆ ಕೂರದೆ ಇಬ್ಬರೂ ಸೀದಾ ಬಸ್ ಹತ್ತಿದ್ರೆ ಆ ಟೈಮೂ ಹೋಗ್ತಿತ್ತು.

ಏಟು ಬೇರೆ ಡಿಪಾರ್ಟ್‌ಮೆಂಟು, ಸೋಂಕು ಬೇರೆ ಡಿಪಾರ್ಟ್‌ಮೆಂಟು ಅಂತ ಇವರು ಅಂದ್ಕೊಂಡಿದಾರೆ, ನಮ್ ಮೈಮೇಲೆ ಎರಡೂ ಒಂದೇ ರಾತ್ರಿ ಆಗೋದು. ಇದನ್ನ ನಾನೊಬ್ಬಳೇ ಹೇಳ್ತಿಲ್ಲ. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ಬಗ್ಗೆನೇ ಒಂದು ಅಧ್ಯಯನ 2010ರಲ್ಲಿ ಬಂತು, ಎದುರಿಗೆ ಕೂರಿಸ್ಕೊಂಡು ಕೇಳಿದಾಗ ಹಿಂದಿನ ಒಂದು ವರ್ಷದಲ್ಲಿ ಹೊಡೆತ ಇಲ್ಲಾ ಅತ್ಯಾಚಾರ ಆಗಿದೆ ಅಂದೋರು 11%, ಓಟ್ ಹಾಕೋ ಥರ ಹೆಸರಿಲ್ದೇ ಡಬ್ಬಕ್ಕೆ ಚೀಟಿ ಹಾಕ್ಸಿದಾಗ 26%. ಹಿಂಸೆ ಅನುಭವಿಸಿದೋರಲ್ಲಿ ಕಾಂಡೋಮ್ ಬಳಕೆನೂ ಕಮ್ಮಿ ಇತ್ತು. ಬಾಗ್ಲು ತೆಗೆದಿಟ್ಟು ಕೇಳಿದ್ರೆ ಯಾರು ತಾನೇ ಬಾಯ್ಬಿಡ್ತಾರೆ ಹೇಳಿ.

ವಾಪಸ್ ಒಳಗೆ ಹೋದ್ವಿ. ಡ್ಯೂಟಿಲಿದ್ದ ಇನ್ನೊಬ್ರು ಪೊಲೀಸ್ ಸ್ಟೇಷನ್ನಿಗೆ ಹೋಗಿ ಬನ್ನಿ ಆಮೇಲೆ ನೋಡೋಣ ಅಂದ್ರು. ಅದು ತಪ್ಪು, ಅತ್ಯಾಚಾರ ಆದೋರಿಗೆ ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ ಯಾವ ಆಸ್ಪತ್ರೆನೂ ಮೊದಲು ಫ್ರೀಯಾಗಿ ಚಿಕಿತ್ಸೆ ಕೊಡ್ಲೇಬೇಕು, ಕಾನೂನಲ್ಲೇ ಇದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಲೈಂಗಿಕ ಕಾರ್ಯಕರ್ತೆಯರಿಗೂ ಇದೆಲ್ಲಾ ಸಿಗ್ಬೇಕು, ಬ್ಯಾಗಲ್ಲಿರೋ ಕಾಂಡೋಮನ್ನ ಪೊಲೀಸರು ಸಾಕ್ಷಿ ಮಾಡ್ಕೋಬಾರ್ದು ಅಂತ ಹೇಳಿದೆ. ನಾನು ಜೋರಾಗೇ ಹೇಳ್ದೆ.

ಆಗ ಐಸಿಟಿಸಿ, ಅಂದ್ರೆ ಎಚ್‌ಐವಿ ಟೆಸ್ಟು ಮಾಡಿ ಸಲಹೆ ಕೊಡೋ ಸೆಂಟರಿನ ಕೌನ್ಸೆಲರ್ ಅಕ್ಕ ಎದ್ದು ಬಂದ್ರು. ಬಾಗ್ಲು ಹಾಕಿದ್ರು, ಊಟ ಆಯ್ತೇನಮ್ಮಾ ಅಂತ ಕೇಳಿದ್ರು, ಆಮೇಲೆ ಯಾರು ಹೊಡೆದಿದ್ದು ಅಂದ್ರು. ಅಷ್ಟಕ್ಕೇ ಅವಳು ಅತ್ಬಿಟ್ಲು. ಒಂದು ಗಂಟೆಯೊಳಗೆ ಪಿಇಪಿ ಮೊದಲನೇ ಡೋಸು, ಗರ್ಭ ನಿಲ್ಲದಿರೋ ಮಾತ್ರೆ, ಗಾಯಕ್ಕೆ ಡ್ರೆಸಿಂಗ್ ಎಲ್ಲಾ ಆಯ್ತು. ಕಂಪ್ಲೇಂಟ್ ಕೊಡೋದು ಬಿಡೋದು ನಿನ್ ಇಷ್ಟ, ಇವತ್ತೇ ಹೇಳ್ಬೇಕಿಲ್ಲ ಅಂದ್ರು.

ಐದಕ್ಕೆ ಮೂರು ಸ್ಟಾರ್. ಒಂದು ಔಷಧಿಗೆ, ಎರಡು ಆ ಅಕ್ಕನಿಗೆ. ಹೋಗೋರು ಬೆಳಗ್ಗೆ ರಶ್ಶಲ್ಲಿ ಹೋಗ್ಬೇಡಿ, ಮಧ್ಯಾಹ್ನ ಊಟ ಆದ್ಮೇಲೆ ಹೋಗಿ, ಡಾಕ್ಟರ್ ರೂಮಿಗಿಂತ ಮೊದಲು ಕೌನ್ಸೆಲರ್ ರೂಮು ಕೇಳಿ. ರಾತ್ರಿ ಏನಾದ್ರೂ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ ಪಿಇಪಿ ಬೇಕು ಅಂತ ಬಾಯ್ಬಿಟ್ಟು ಕೇಳಿ. ಎಚ್‌ಐವಿ ಬಗ್ಗೆ ಏನೇ ಡೌಟಿದ್ರೂ 1097ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ.