ಬಿಎ ಮುಗಿದ ಮೇಲೆ ಹನ್ನೊಂದು ತಿಂಗಳು ಕೂತ ಸ್ಟಡಿ ರೂಮ್ ಬಗ್ಗೆ

ಧಾರವಾಡದ ಸಪ್ತಾಪುರದಲ್ಲಿ ನಾನು ಹೋಗುವ ಸ್ಟಡಿ ರೂಮ್‌ಗೆ, ಅಂದರೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು ದುಡ್ಡು ಕಟ್ಟಿ ಕೂರುವ ಜಾಗಕ್ಕೆ, ತಿಂಗಳಿಗೆ 800 ರೂಪಾಯಿ, ಜೊತೆಗೆ 1000 ಅಡ್ವಾನ್ಸ್. ಹನ್ನೊಂದು ತಿಂಗಳಿಂದ ಅಲ್ಲೇ ಓದುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಆ ಓಣಿಗಳಲ್ಲಿ ಇಂಥವು ಸಾಲುಸಾಲಾಗಿವೆ, ನಾನು ನೋಡಿದವೆಲ್ಲ ಹೆಚ್ಚುಕಮ್ಮಿ ಹೀಗೇ ಇವೆ.

ನಾನು ಓದಿದ್ದು ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ರಿಸಲ್ಟ್ ಬಂದ ದಿನದಿಂದ ಊರಲ್ಲಿ ಎದುರು ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ, ಬಿಎ ಆಯ್ತಲ್ಲ, ಮುಂದೇನು? ನಮ್ಮ ಕ್ಲಾಸಿನವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ನಾಲ್ಕು ಜನ ಬಿ.ಎಡ್ ಸೇರಿದರು, ಇಬ್ಬರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎ ಮಾಡುತ್ತಿದ್ದಾರೆ, ಒಬ್ಬ ಬೆಂಗಳೂರಲ್ಲಿ ಲೋನ್ ವಸೂಲಿಗೆ ಫೋನ್ ಮಾಡುವ ಕೆಲಸ ಹಿಡಿದ, ಮೂವರು ಗೆಳತಿಯರ ಮದುವೆ ಆಯ್ತು. ಉಳಿದವರು ಬ್ಯಾಗ್ ಕಟ್ಟಿಕೊಂಡು ಧಾರವಾಡಕ್ಕೆ ಬಂದೆವು.

ಮೊದಲು ನಾನು ಸೇರಿದ್ದು ಒಂದು ಕೋಚಿಂಗ್ ಸೆಂಟರ್. 28 ಸಾವಿರ ಕಟ್ಟಿದೆ. ಒಂದೇ ಹಾಲ್‌ನಲ್ಲಿ ಇನ್ನೂರರ ಹತ್ತಿರ ಜನ, ಹಿಂದೆ ಕೂತರೆ ಬೋರ್ಡ್ ಕಾಣುವುದಿಲ್ಲ, ರಾಜ್ಯದ ದೊಡ್ಡ ಅಧಿಕಾರಿಗಳ ಪರೀಕ್ಷೆಯಾದ ಕೆಎಎಸ್‌ಗೂ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ ಅಂದರೆ ಪಿಡಿಒ ಪರೀಕ್ಷೆಗೂ ಅದೇ ನೋಟ್ಸ್. ಎರಡು ತಿಂಗಳಿಗೆ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ. ಅಪ್ಪ ಮೆಣಸಿನಕಾಯಿ ಮಾರಿ ಕೊಟ್ಟ ದುಡ್ಡು ಅದು, ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಈ ರೂಮ್. ನನ್ನದು 43ನೇ ಸೀಟು. ಎರಡೂ ಕಡೆ ಪ್ಲೈವುಡ್ ಅಡ್ಡ, ಮೇಲೊಂದು ಟ್ಯೂಬ್‌ಲೈಟ್, ಪುಸ್ತಕ ಇಡಲು ಒಂದು ಗೂಡು. ಆ ಪ್ಲೈವುಡ್ ಮೇಲೆ ಹಿಂದೆ ಕೂತವರು ಪೆನ್ಸಿಲ್‌ನಲ್ಲಿ ಬರೆದ ಸಂವಿಧಾನದ ವಿಧಿಗಳು ಹಾಗೇ ಇವೆ. 'ವಿಧಿ 243 ಪಂಚಾಯ್ತಿ', 'ವಿಧಿ 280 ಹಣಕಾಸು ಆಯೋಗ'. ಅದರ ಕೆಳಗೆ ಬೇರೆ ಕೈಬರಹದಲ್ಲಿ, 'ಎಫ್‌ಡಿಎ ಆಯ್ತು. ಅವ್ವಗ ಫೋನ್ ಮಾಡಿದೆ.' ಎಫ್‌ಡಿಎ ಅಂದರೆ ಸರ್ಕಾರಿ ಆಫೀಸಿನ ಪ್ರಥಮ ದರ್ಜೆ ಸಹಾಯಕರ ಕೆಲಸ. ಓದಲು ಮನಸ್ಸಿಲ್ಲದ ದಿನ ನಾನು ಆ ಸಾಲನ್ನೇ ನೋಡುತ್ತಾ ಕೂತಿದ್ದೇನೆ.

ಆದರೆ 800 ರೂಪಾಯಿಗೆ ನನಗೆ ನಿಜವಾಗಿ ಸಿಕ್ಕಿದ್ದು ಪಕ್ಕದ ಸೀಟಿನ ಅಕ್ಕ. ಅವರು ಮೂರು ವರ್ಷದಿಂದ ಓದುತ್ತಿದ್ದಾರೆ. ಒಂದು ದಿನ ಚಹಾ ಕುಡಿಯುವಾಗ ನೇರವಾಗಿ ಕೇಳಿದರು, ನಿನಗೆ ಶಾಲೆಯಲ್ಲಿ ಪಾಠ ಮಾಡಬೇಕಾ, ಆಫೀಸಲ್ಲಿ ಕೂರಬೇಕಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಅವರೇ ಬರೆದು ತೋರಿಸಿದರು. ಆರರಿಂದ ಎಂಟನೇ ಕ್ಲಾಸಿಗೆ ಮೇಷ್ಟ್ರಾಗಬೇಕಾದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪೇಪರ್, 150 ಅಂಕ, ಅದರಲ್ಲಿ 60 ಸಮಾಜ ವಿಜ್ಞಾನವೇ, ಅಂದರೆ ನಾವು ಬಿಎಯಲ್ಲಿ ಓದಿದ್ದು ಅಲ್ಲಿ ಕೈ ಹಿಡಿಯುತ್ತದೆ. ಆದರೆ ಅದರ ಜೊತೆಗೆ ಎರಡು ವರ್ಷದ ಬಿ.ಎಡ್ ಅಥವಾ ಡಿ.ಎಡ್ ಕೂಡ ಬೇಕು. ಕಾಲೇಜಲ್ಲಿ ಪಾಠ ಮಾಡಬೇಕಾದರೆ ಎಂಎ, ಆಮೇಲೆ ಕೆ-ಸೆಟ್ ಅಥವಾ ನೆಟ್ ಅನ್ನುವ ಅರ್ಹತಾ ಪರೀಕ್ಷೆ. ಎಫ್‌ಡಿಎ, ಪಿಡಿಒ ಎರಡಕ್ಕೂ ಡಿಗ್ರಿ ಸಾಕು, ದ್ವಿತೀಯ ದರ್ಜೆ ಸಹಾಯಕರ ಕೆಲಸವಾದ ಎಸ್‌ಡಿಎಗೆ ಪಿಯುಸಿಯೇ ಸಾಕು. ಕೆಎಎಸ್ ಪ್ರಿಲಿಮ್ಸ್‌ನಲ್ಲಿ ತಲಾ 200 ಅಂಕದ ಎರಡು ಪೇಪರ್, ಅದು ಬರೀ ಜರಡಿ, ಮೇನ್ಸ್‌ಗೆ ಆ ಅಂಕ ಸೇರುವುದಿಲ್ಲ. ಇಷ್ಟನ್ನು ಮೂರು ವರ್ಷದ ಡಿಗ್ರಿಯಲ್ಲಿ ನನಗೆ ಯಾರೂ ಕೂರಿಸಿ ಹೇಳಿರಲಿಲ್ಲ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿಸಿದ್ದೂ ಅವರೇ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000, ಎರಡು ವರ್ಷದವರೆಗೆ. ಈಗ ರೂಮಿನ ದುಡ್ಡು, ಖಾನಾವಳಿಯ ಒಂದಿಷ್ಟು ಅದರಲ್ಲೇ ಆಗುತ್ತದೆ.

ಇನ್ನು ದೂರು. ಹುಡುಗರಿಗೆ ಬೆಳಿಗ್ಗೆ 5ರಿಂದ ರಾತ್ರಿ 11, ಹುಡುಗಿಯರ ಕಡೆ 6ರಿಂದ ರಾತ್ರಿ 8. ಫೀಸು ಮಾತ್ರ ಒಂದೇ. ಕೇಳಿದರೆ, ನಿಮ್ಮ ಸುರಕ್ಷತೆಗೇ ಅಲ್ವಾ ಅನ್ನುತ್ತಾರೆ. ನನ್ನ ಪಿಜಿ ಅಲ್ಲಿಂದ ಎರಡು ನಿಮಿಷ. ಪಿಜಿಯಲ್ಲಿ ಒಂದು ರೂಮಿಗೆ ನಾಲ್ಕು ಜನ, 8ರ ಮೇಲೆ ಅಲ್ಲಿ ಓದಲು ಆಗುವುದೇ ಇಲ್ಲ. ದಿನಕ್ಕೆ ನಾಲ್ಕು ತಾಸು ಕಡಿಮೆ ಅಂದರೆ ವರ್ಷಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ. ಅದೇ ಪರೀಕ್ಷೆ, ಅದೇ ಕಟ್‌ಆಫ್ ನಮಗೂ ಇದೆ. ನಾವು ಹದಿನೆಂಟು ಜನ ಸಹಿ ಮಾಡಿ ಕೊಟ್ಟಿದ್ದೇವೆ, ಕನಿಷ್ಠ 10ರವರೆಗೆ ತೆರೆಯಿರಿ ಅಂತ. ಇನ್ನೂ ಉತ್ತರ ಬಂದಿಲ್ಲ. ಟಾಯ್ಲೆಟ್ ಒಂದೇ ಇದೆ, ಕ್ಲೀನ್ ಇರುತ್ತದೆ. ವೈಫೈ ಪರವಾಗಿಲ್ಲ.

ಯಾವ ಪರೀಕ್ಷೆ ಅಂತ ಇನ್ನೂ ತೀರ್ಮಾನ ಆಗದವರು ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಡಿ. ಒಂದಷ್ಟು ದಿನ ಸರ್ಕಾರಿ ಗ್ರಂಥಾಲಯದಲ್ಲಿ ಕೂತು ಪೇಪರ್ ಓದಿ, ಹಳೆ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿ. ತೀರ್ಮಾನ ಆದವರು ಬರಬಹುದು. ಒಂದು ದಿನ ಸುಮ್ನೆ ಕೂತು ನೋಡುತ್ತೇನೆ ಅಂದರೆ ದುಡ್ಡು ಕೇಳುವುದಿಲ್ಲ. ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಬನ್ನಿ, ಕರೆಂಟ್ ಹೋಗುವುದು ಆಗಲೇ, ಇನ್ವರ್ಟರ್ ಯಾವ ಸಾಲಿನವರೆಗೆ ಬರುತ್ತದೆ ಅಂತ ಗೊತ್ತಾಗುತ್ತದೆ.