ಏಜಾಕ್ಸ್‌ಗೆ ಮೂರು ದಾರಿ: ಜೆಬ್ ಅನುವಾದ, ಝೂಮ್ ಓದು, ಬಿ.ಎಂ.ಶ್ರೀ ಅವರ ಅಶ್ವತ್ಥಾಮನ್

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಅಂದ್ರೆ ಎಲ್ರೂ ಅವನ ಈಡಿಪಸ್ ನಾಟಕವನ್ನೇ ಹಿಡ್ಕೋತಾರೆ, ನನಗೆ ಮಾತ್ರ ಏಜಾಕ್ಸೇ ಹತ್ರ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಬರ್ಬೇಕಿತ್ತು, ಇನ್ನೊಬ್ಬ ನಾಯಕ ಒಡಿಸ್ಯೂಸ್‌ಗೆ ಕೊಟ್ಬಿಟ್ರಲ್ಲ ಅಂತ ಗ್ರೀಕ್ ವೀರ ಏಜಾಕ್ಸ್ ರೊಚ್ಚಿಗೆದ್ದು ರಾತ್ರೋರಾತ್ರಿ ತನ್ನ ಕಡೆಯ ಸೇನಾನಾಯಕರನ್ನೇ ಕೊಲ್ಲೋಕೆ ಹೊರಡ್ತಾನೆ, ಅಥೀನಾ ದೇವಿ ಅವನಿಗೆ ಬುದ್ಧಿಭ್ರಮೆ ಹಿಡಿಸ್ತಾಳೆ, ಭ್ರಮೆ ಇಳಿದ ಮೇಲೆ ನೋಡಿದ್ರೆ ಅವನು ಕಡಿದು ಹಾಕಿರೋದು ಲೂಟಿ ಮಾಡಿ ತಂದಿದ್ದ ದನ ಕುರಿಗಳನ್ನ ಮತ್ತು ಅವನ್ನ ಕಾಯ್ತಿದ್ದೋರನ್ನ. ಆ ನಾಚಿಕೆ ತಡೀಲಾರದೆ ಕತ್ತಿ ಮೇಲೆ ಬಿದ್ದು ಪ್ರಾಣ ಬಿಡ್ತಾನೆ. ಇಷ್ಟೇ ಕತೆ. ಇದನ್ನ ನಾನು ಮೂರು ರೀತೀಲಿ ಓದಿ, ನೋಡಿ ಆಗಿದೆ, ಯಾವುದು ಏನು ಕೊಡುತ್ತೆ ಅಂತ ಹೇಳ್ತೀನಿ.

ರಿಚರ್ಡ್ ಜೆಬ್ ಅವರ ಇಂಗ್ಲಿಷ್ ಗದ್ಯ ಪರ್ಸಿಯಸ್ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ ಫ್ರೀಯಾಗಿ ಸಿಗುತ್ತೆ, ಪಕ್ಕದಲ್ಲೇ ಗ್ರೀಕ್ ಮೂಲ, ಟಿಪ್ಪಣಿ ಎಲ್ಲಾ ಇದೆ. 19ನೇ ಶತಮಾನದ ಇಂಗ್ಲಿಷು, ಸ್ವಲ್ಪ ಬಿಗಿ. ಆದ್ರೆ ನಾಟಕ ಪೂರ್ತಿ ಇರುತ್ತೆ, ಅದು ದೊಡ್ಡದು, ಯಾಕಂದ್ರೆ ನಾಯಕ ಸತ್ತ ಮೇಲೂ ಇಲ್ಲಿ ಬಹಳ ಹೊತ್ತು ನಾಟಕ ನಡೆಯುತ್ತೆ, ಹೆಣ ಮಣ್ಣು ಮಾಡ್ಬೇಕಾ ಬೇಡ್ವಾ ಅಂತ ಜಗಳ. ಮಾಡೋ ಹಾಗಿಲ್ಲ ಅಂತಾರೆ ಗ್ರೀಕ್ ಸೇನೆಯ ನಾಯಕರಾದ ಮೆನೆಲಾಸ್, ಅಗಮೆಮ್ನಾನ್. ಕೊನೇಲಿ ಬಂದು ಅವನ ಪರ ಮಾತಾಡೋನು ಯಾರು ಗೊತ್ತಾ, ಏಜಾಕ್ಸ್ ಯಾರನ್ನ ಕೊಲ್ಬೇಕು ಅಂತಿದ್ನೋ ಅದೇ ಒಡಿಸ್ಯೂಸ್! ಸತ್ತೋನ ಮೇಲೆ ಹಗೆ ಸಾಧಿಸಬಾರ್ದು ಅಂತಾನೆ. ಈಗ ಯಾರಾದ್ರೂ ಸತ್ತ ಸುದ್ದಿ ಬಂದ ಕೂಡ್ಲೇ ಫೋನಲ್ಲಿ ಬೈಗುಳ ಶುರುವಾಗೋದು ನೋಡಿದಾಗೆಲ್ಲ ನನಗೆ ಈ ಭಾಗ ನೆನಪಾಗುತ್ತೆ.

ಎರಡನೇದು ಥಿಯೇಟರ್ ಆಫ್ ವಾರ್. ಬ್ರಯಾನ್ ಡೋರೀಸ್ ಅನ್ನೋರು 2008ರಿಂದ ಅಮೆರಿಕದ ಸೈನಿಕರು, ಅವರ ಮನೆಯೋರ ಎದುರಿಗೆ ಇದೇ ಏಜಾಕ್ಸ್ ಓದಿಸ್ತಾ ಬಂದಿದ್ದಾರೆ. ವೇಷ ಇಲ್ಲ, ರಂಗಸಜ್ಜಿಕೆ ಇಲ್ಲ, ನಟರು ಕೂತು ಓದ್ತಾರೆ ಅಷ್ಟೇ, ಆಮೇಲೆ ಸಭೆಯೋರು ಮಾತಾಡ್ತಾರೆ. ನಾನು ನೋಡಿದ್ದು ಝೂಮ್‌ನಲ್ಲಿ. ಓದೋವಾಗ ನಾನು ಬೇಗ ದಾಟ್ಕೊಂಡು ಹೋಗಿದ್ದ ಏಜಾಕ್ಸ್‌ನ ಹೆಂಡತಿ ಟೆಕ್ಮೆಸ್ಸಾ ಇಲ್ಲಿ ಎದ್ದು ನಿಂತ್ಬಿಟ್ಲು, ಕೊಂದ ಪ್ರಾಣಿಗಳ ಮಧ್ಯೆ ಗಂಡ ಊಟ ನೀರು ಬಿಟ್ಟು ಸುಮ್ನೆ ಕೂತಿದ್ದಾನೆ ಅಂತ ಅವಳು ಹೇಳೋವಾಗ ಕೇಳೋರ ಮುಖ ನೋಡ್ಬೇಕಿತ್ತು. ಸ್ಯಾನ್ ಡಿಯಾಗೋದ ಮೊದಲ ಓದಿನ ಹೊತ್ತಲ್ಲೂ ಒಬ್ಬ ಸೈನಿಕನ ಹೆಂಡ್ತಿ ಎದ್ದು, ನನ್ನ ಗಂಡ ಪ್ರತಿ ಸಲ ಯುದ್ಧದಿಂದ ಬಂದಾಗ ಕಣ್ಣಿಗೆ ಕಾಣದ ಹೆಣಗಳನ್ನ ಮನೆಯೊಳಗೆ ಎಳ್ಕೊಂಡು ಬರ್ತಿದ್ರು ಅನ್ನೋ ಅರ್ಥದ ಮಾತು ಹೇಳಿದ್ರಂತೆ. ಸೊಫೊಕ್ಲಿಸ್ ಸ್ವತಃ ಅಥೆನ್ಸ್‌ನ ಸೇನಾನಾಯಕ ಆಗಿದ್ದೋನು, ಎದುರಿಗೆ ಕೂತಿದ್ದೋರಲ್ಲೂ ಯುದ್ಧ ಕಂಡೋರು ಎಷ್ಟೋ ಜನ, ಹಾಗಾಗಿ ಡೋರೀಸ್ ಮಾಡ್ತಿರೋದು ನಾಟಕವನ್ನ ಅದರ ಜನಕ್ಕೇ ವಾಪಸ್ ಕೊಡೋ ಕೆಲ್ಸ ಅನ್ಸುತ್ತೆ ನನಗೆ. ಕೊರತೆ ಅಂದ್ರೆ ಆಯ್ದ ದೃಶ್ಯಗಳು ಮಾತ್ರ, ನಾನು ನೋಡಿದ್ರಲ್ಲಿ ಒಡಿಸ್ಯೂಸ್‌ನ ಆ ಕೊನೆ ಮಾತು ಇರ್ಲಿಲ್ಲ.

ಮೂರನೇದು ನಮ್ಮ ಬಿ.ಎಂ.ಶ್ರೀ ಅವರ ಅಶ್ವತ್ಥಾಮನ್ ನಾಟಕ, 1929ರದ್ದು. ಏಜಾಕ್ಸ್ ಜಾಗದಲ್ಲಿ ಅಶ್ವತ್ಥಾಮ. ಹಳಗನ್ನಡದ ಧಾಟಿ, ಪುಟಕ್ಕೆ ನಾಲ್ಕು ಸಲ ನಿಘಂಟು ಬೇಕು, ಮನಸಲ್ಲೇ ಓದಿದ್ರೆ ಹತ್ತೋದಿಲ್ಲ, ಬಾಯಿಬಿಟ್ಟು ಓದ್ಬೇಕು. ಆದ್ರೆ ಮೂರರಲ್ಲಿ ನನ್ನನ್ನ ತುಂಬಾ ಕಾಡಿದ್ದು ಇದೇ. ಏಜಾಕ್ಸ್ ಕೊಂದಿದ್ದು ಹೆಚ್ಚಾಗಿ ದನ ಕುರಿ, ಮರುಕ ಪಡೋದು ಸುಲಭ. ಅಶ್ವತ್ಥಾಮ ಅಂದ ಕೂಡ್ಲೇ ನಮ್ಮ ತಲೇಲಿ ಬರೋದು ಮಲಗಿದ್ದ ದ್ರೌಪದಿಯ ಐದು ಮಕ್ಕಳು, ಅಂಥೋನ ದುಃಖವನ್ನೂ ಪೂರ್ತಿ ಕೇಳಿ ಅಂತಾರೆ ಬಿ.ಎಂ.ಶ್ರೀ. ಅದೂ ಅಲ್ದೆ ಚಿರಂಜೀವಿ ಅಂತ ನಾವೆಲ್ಲ ನಂಬ್ಕೊಂಡಿರೋನನ್ನ ಇಲ್ಲಿ ಸಾಯಿಸ್ತಾರೆ, ಎಂಥ ಧೈರ್ಯ! ಪುರಾಣದ ಪ್ರಕಾರ ತಪ್ಪು ಅನ್ನೋರು ಇದ್ದಾರೆ, ರುದ್ರನಾಟಕಕ್ಕೆ, ಅಂದ್ರೆ ಟ್ರ್ಯಾಜಿಡಿಗೆ, ಅದು ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹೊಸಬ್ರಿಗೆ ನಾನು ಹೇಳೋದು, ಜೆಬ್ ಮೊದಲು ಓದ್ಕೊಳ್ಳಿ, ಒಂದು ಸಂಜೆ ಸಾಕು. ಥಿಯೇಟರ್ ಆಫ್ ವಾರ್‌ನ ಆನ್‌ಲೈನ್ ಓದು ಯಾವಾಗಾದ್ರೂ ಸಿಕ್ರೆ ಬಿಡ್ಬೇಡಿ, ನಾಟಕಕ್ಕಿಂತ ಆಮೇಲಿನ ಮಾತುಕತೆಗೇ ಟೈಮ್ ಇಟ್ಕೊಳ್ಳಿ. ಬಿ.ಎಂ.ಶ್ರೀ ಮಾತ್ರ ಒಬ್ರೇ ಬೇಡ, ಹಳಗನ್ನಡ ಬಲ್ಲೋರು ಒಬ್ರು ಜೊತೆಗಿರ್ಲಿ, ಪಾತ್ರ ಹಂಚ್ಕೊಂಡು ಓದಿ.