ಕೋಯಿ ಕೊಳಕ್ಕೆ ಯಾವ ಫಿಲ್ಟರ್? ಕ್ಯಾನಿಸ್ಟರ್, ಡ್ರಮ್ಮು, ಶವರ್ ಮೂರನ್ನೂ ಓಡಿಸಿ ನೋಡಿದ ಮೇಲೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹಿತ್ತಿಲಲ್ಲಿ ಒಂದು ಕೊಳವಿದೆ. 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳ. ನೆಲದಿಂದ ಮೂರಡಿ ಮೇಲಕ್ಕೆ ಕಟ್ಟಿಸಿದ್ದು. ಲೆಕ್ಕ ಹಾಕಿದರೆ ಸುಮಾರು 6,800 ಲೀಟರ್ ನೀರು. ಅದರಲ್ಲಿ ಆರು ಕೋಯಿ, ಅಂದರೆ ಜಪಾನಿನ ಬಣ್ಣದ ಕಾರ್ಪ್ ಮೀನುಗಳು. ಅವು ಅಂಗೈಯಷ್ಟು ಇದ್ದಾಗ ಒಂದು ಸ್ಪಂಜಿನ ಫಿಲ್ಟರ್ ಸಾಕಾಗುತ್ತಿತ್ತು. ಒಂದೂವರೆ ಅಡಿಗೆ ಬೆಳೆದ ಮೇಲೆ ಅದು ಎಲ್ಲಿ ಸಾಲುತ್ತೆ? ಕೊಳ ಅದೇ, ಮೀನು ಅವೇ, ಹಾಕುವ ಆಹಾರವೂ ಅಷ್ಟೇ ಇಟ್ಟುಕೊಂಡು ಮೂರು ಬಗೆಯ ಫಿಲ್ಟರ್ ಒಂದಾದ ಮೇಲೆ ಒಂದು ಓಡಿಸಿ ನೋಡಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದಕ್ಕೇ ದುಡ್ಡು ಇದೆ ಅಂದರೆ ಡ್ರಮ್ಮುಗಳ ಫಿಲ್ಟರ್ ಮಾಡಿಸಿ. ಇನ್ನೂ ಸ್ವಲ್ಪ ಖರ್ಚು ಮಾಡಬಹುದು ಅಂದರೆ ಅದರ ಕೊನೆಗೆ ಶವರ್ (ನೀರು ಗಾಳಿಯಲ್ಲಿ ತೊಟ್ಟಿಕ್ಕುತ್ತಾ ಇಳಿಯುವ ಫಿಲ್ಟರ್) ಸೇರಿಸಿ. ಕ್ಯಾನಿಸ್ಟರ್ (ಮುಚ್ಚಿದ ಡಬ್ಬದ ಫಿಲ್ಟರ್) ದೊಡ್ಡ ಕೋಯಿಗಳಿಗೆ ಆಗಿಬರುವುದಿಲ್ಲ.

ಯಾಕೆ ಅಂತ ಅರ್ಥವಾಗಲು ಫಿಲ್ಟರ್ ಏನು ಕೆಲಸ ಮಾಡುತ್ತದೆ ಅಂತ ನೋಡಬೇಕು. ಕೆಲಸ ಎರಡು. ಕಣ್ಣಿಗೆ ಕಾಣುವ ಕೊಳೆ ತೆಗೆಯುವುದು ಒಂದು. ಕಣ್ಣಿಗೆ ಕಾಣದ ಅಮೋನಿಯಾ ಇಲ್ಲವಾಗಿಸುವುದು ಇನ್ನೊಂದು. ಮೀನಿನ ಅಮೋನಿಯಾ ಹೆಚ್ಚಾಗಿ ಹೊರಬರುವುದು ಕಿವಿರಿನಿಂದಲೇ. ಅಂದರೆ ನೀರು ಗಾಜಿನಂತೆ ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ಇರಬಹುದು. ಫಿಲ್ಟರಿನಲ್ಲಿ ನೆಲೆಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಾಯಿಸಿದರೆ ಕಡಿಮೆಯಾಗುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ್ದು ಒಂದಿದೆ. ನಮ್ಮ ಬೋರ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಹತ್ತಿರ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ ಐದು ಪಾಲು ದಾಟುತ್ತದೆ. ಬಿಸಿಲು ಏರಿದರೆ ಇನ್ನೂ ಜಾಸ್ತಿ. ಹಾಗಾಗಿ ಫಿಲ್ಟರ್ ಕೊಳ್ಳುವ ಮೊದಲೇ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಕೊಳ್ಳಿ. ನಾನು ಮೂರು ಫಿಲ್ಟರುಗಳನ್ನೂ ಅಳೆದಿದ್ದು ಅದರಲ್ಲೇ.

ಮೊದಲು ಕ್ಯಾನಿಸ್ಟರ್. ಮುಚ್ಚಿದ ದೊಡ್ಡ ಡಬ್ಬ, ಒಳಗೆ ಸ್ಪಂಜು, ಮುಚ್ಚಳದಲ್ಲಿ ಯುವಿ (ಅತಿನೇರಳೆ) ದೀಪ. ಕೊಳದೊಳಗಿನ ಪಂಪು ನೀರನ್ನು ಅದಕ್ಕೆ ತಳ್ಳುತ್ತದೆ. ಒಂದು ಮಧ್ಯಾಹ್ನದಲ್ಲಿ ಜೋಡಿಸಿ ಮುಗಿಯುತ್ತದೆ, ಜಾಗವೂ ಕಡಿಮೆ. ಹಸಿರು ನೀರು ಒಂದೆರಡು ವಾರದಲ್ಲೇ ತಿಳಿಯಾಯಿತು, ತಳ ಕಾಣತೊಡಗಿತು. ಮನೆಗೆ ಬಂದವರೆಲ್ಲ ಹೊಗಳಿದರು. ಆದರೆ ಕಿಟ್‌ನಲ್ಲಿ ಅಮೋನಿಯಾ ಸೊನ್ನೆಗೆ ಇಳಿಯಲೇ ಇಲ್ಲ. ಯುವಿ ಕೊಲ್ಲುವುದು ನೀರಲ್ಲಿ ತೇಲುವ ಸಣ್ಣ ಪಾಚಿಯನ್ನು. ಅಮೋನಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋಡೆಗೆ ಅಂಟಿದ ನಾರುಪಾಚಿಯನ್ನೂ ಅದು ಮುಟ್ಟುವುದಿಲ್ಲ.

ಇದರ ದೊಡ್ಡ ಕೊರತೆ ಬೇರೆ. ಹಿಡಿದ ಕೊಳೆಯೆಲ್ಲ ಸ್ಪಂಜಿನಲ್ಲೇ ಕೂತಿರುತ್ತದೆ, ನೀರು ಅದರ ಮೇಲೇ ಹಾದು ಮತ್ತೆ ಕೊಳಕ್ಕೆ ಬರುತ್ತದೆ. ಕಸ ಗುಡಿಸಿ ಮನೆ ಮೂಲೆಯಲ್ಲೇ ಬಿಟ್ಟ ಹಾಗೆ. ನಮ್ಮ ಬೀದಿಯಲ್ಲಿ ಗುಲ್‌ಮೊಹರ್ ಮರಗಳಿವೆ. ಎಲೆ ಉದುರುವ ಕಾಲದಲ್ಲಿ ಅಕ್ಕಿಕಾಳಿನಂಥ ಎಲೆಗಳು ಜಾಲರಿ ದಾಟಿ ಹೋಗಿ ಸ್ಪಂಜನ್ನು ಕಟ್ಟಿಸಿಬಿಡುತ್ತವೆ. ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ ಬ್ಯಾಕ್‌ವಾಶ್ ಹಿಡಿ ತಿರುಗಿಸಿದರೆ ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನು ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ಕರೆಂಟ್ ಹೋದರೆ, ಕೆಲವೇ ಗಂಟೆಯಲ್ಲಿ ಡಬ್ಬದೊಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ತಕ್ಷಣ ಆ ಕೊಳೆತ ನೀರು ನೇರ ಮೀನಿಗೆ. ಕ್ಯಾನಿಸ್ಟರ್ ಇಟ್ಟುಕೊಂಡವರು ದಯವಿಟ್ಟು ಹೊರಪೈಪ್ ಬಿಚ್ಚಿ ಮೊದಲ ನೀರನ್ನು ಗಿಡಕ್ಕೆ ಬಿಡಿ. ಡಬ್ಬದ ಮೇಲೆ ಬರೆದಿರುವ ಲೀಟರ್ ಲೆಕ್ಕವೂ ಮೀನು ಕಡಿಮೆ ಇರುವ ಕೊಳಕ್ಕೆ. ಕೋಯಿಗೆ ಅದರ ಅರ್ಧ ಅಂತಲೇ ಹಿಡಿಯಿರಿ. ಸಾವಿರ, ಎರಡು ಸಾವಿರ ಲೀಟರ್ ತೊಟ್ಟಿ, ನಾಲ್ಕು ಗೋಲ್ಡ್‌ಫಿಶ್ ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ.

ಎರಡನೆಯದು ಡ್ರಮ್ಮುಗಳ ಫಿಲ್ಟರ್. ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. 200 ಲೀಟರಿನ ಮೂರು ನೀಲಿ ಡ್ರಮ್ಮುಗಳು. ಗುಜರಿ ಅಂಗಡಿಯಲ್ಲಿ ಸಿಗುತ್ತವೆ. ಮೊದಲು ಅದರಲ್ಲಿ ಏನು ತುಂಬಿದ್ದರು ಅಂತ ಕೇಳಿ, ತಿನ್ನುವ ಪದಾರ್ಥ ಇದ್ದದ್ದನ್ನು ಮಾತ್ರ ತನ್ನಿ. ಕೊಳದ ತಳದಲ್ಲಿ ನೀರು ಖಾಲಿ ಮಾಡಲು ಹಾಕಿಸಿದ್ದ 4 ಇಂಚಿನ ಪಿವಿಸಿ ಪೈಪನ್ನೇ ಮೊದಲ ಡ್ರಮ್ಮಿಗೆ ಸೇರಿಸಿದೆವು. ಡ್ರಮ್ಮಿನ ಬಾಯಿ ಕೊಳದ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿರುವ ಹಾಗೆ ಇಟ್ಟಿಗೆ ಕಟ್ಟೆ ಮೇಲೆ ಕೂರಿಸಿದರೆ, ನೀರು ತಾನೇ ಹರಿದು ಬರುತ್ತದೆ. ಪಂಪು ಇರುವುದು ಕೊನೆಯ ಡ್ರಮ್ಮಿನಲ್ಲಿ, ಅದು ನೀರನ್ನು ಎತ್ತಿ ಕೊಳಕ್ಕೆ ಬಿಟ್ಟಷ್ಟೂ ಕೊಳದ ನೀರು ಡ್ರಮ್ಮುಗಳಿಗೆ ಬರುತ್ತಿರುತ್ತದೆ. ಇದರಲ್ಲೇ ಇರುವುದು ಗುಟ್ಟು. ಪಂಪು ಮೊದಲೇ ಇದ್ದರೆ ಅದರ ರೆಕ್ಕೆಗೆ ಸಿಕ್ಕಿ ಮೀನಿನ ಹಿಕ್ಕೆ ಪುಡಿಪುಡಿಯಾಗುತ್ತದೆ. ಪುಡಿಯಾದದ್ದು ಬೇಗ ಕರಗುತ್ತದೆ, ತಳಕ್ಕೆ ಕೂರುವುದೇ ಇಲ್ಲ.

ಮೊದಲ ಡ್ರಮ್ಮಿಗೆ ನೀರು ಗೋಡೆ ಸವರಿಕೊಂಡು ಒಳಬರಬೇಕು. ಆಗ ನೀರು ನಿಧಾನಕ್ಕೆ ಸುತ್ತುತ್ತದೆ, ಕೊಳೆ ನಡುವೆ ಕೂರುತ್ತದೆ. ಕೆಳಗೆ ಟ್ಯಾಂಕ್ ನಿಪ್ಪಲ್ (ಡ್ರಮ್ಮಿನ ಗೋಡೆಗೆ ಪೈಪ್ ಸೇರಿಸುವ ತುಂಡು) ಹಾಕಿ ಒಂದು ಬಾಲ್ ವಾಲ್ವ್ ಇಟ್ಟರಾಯಿತು. ವಾಲ್ವ್ ತೆಗೆದರೆ ಕಪ್ಪು ನೀರು ಬಾಳೆಗಿಡಕ್ಕೆ, ಕರಿಬೇವಿಗೆ. ಎರಡನೆಯದರಲ್ಲಿ ಬ್ರಷ್‌ಗಳು, ಜಪಾನೀಸ್ ಮ್ಯಾಟ್ ಎಂಬ ಒರಟು ನಾರಿನ ಹಾಸು. ಮೂರನೆಯದರಲ್ಲಿ ಮೀಡಿಯಾ, ಅಂದರೆ ಚಕ್ರದಂಥ ಸಣ್ಣ ಪ್ಲಾಸ್ಟಿಕ್ ತುಂಡುಗಳು. ಏರ್ ಪಂಪಿನ ಗಾಳಿಗೆ ಅದು ಸದಾ ಉರುಳುತ್ತಿರುತ್ತದೆ, ಕೊಳೆ ಕಟ್ಟುವುದಿಲ್ಲ. ಬ್ಯಾಕ್ಟೀರಿಯಾ ಮನೆ ಮಾಡುವುದು ಇಲ್ಲೇ.

ಪರಿಣಾಮ? ನೀರು ತಿಳಿಯಾಗಲು ಕ್ಯಾನಿಸ್ಟರ್‌ಗಿಂತ ತುಂಬಾ ತಡವಾಯಿತು. ಆದರೆ ಮೀಡಿಯಾದಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿದ ಮೇಲೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತವು. ಮೀನುಗಳು ತಳಬಿಟ್ಟು ಎದ್ದು ಬಂದು ಆಹಾರಕ್ಕೆ ಕಾಯತೊಡಗಿದವು. ನನಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಕರೆಂಟ್ ಹೋದಾಗ ಏರ್ ಪಂಪು ಮನೆಯ ಇನ್ವರ್ಟರ್ ಮೇಲೇ ಓಡುತ್ತದೆ. ಕೇವಲ 20 ವಾಟ್, ಅಲ್ವಾ? ಜಾಗ ಜಾಸ್ತಿ ಬೇಕು, ನೋಡಲು ಚೆಂದವಿಲ್ಲ, ಅದು ನಿಜ. ಬಿದಿರಿನ ತಟ್ಟಿ ಮರೆ ಮಾಡಿದ್ದೇವೆ. 4 ಇಂಚಿನ ಪೈಪ್ ಡ್ರಮ್ಮಿನೊಳಗೆ ಕೂರುವ ಜಾಗದಲ್ಲಿ ರಬ್ಬರ್ ಸೀಲ್ ಸರಿಯಾಗಿ ಕೂರಿಸುವ ಪ್ಲಂಬರ್ ಸಿಗಬೇಕು. ಡ್ರಮ್ಮಿನ ಗೋಡೆ ಬಾಗಿರುವುದರಿಂದ ಸೋರುವುದು ಅಲ್ಲೇ.

ಮ್ಯಾಟ್ ತೊಳೆಯುವಾಗ ನಲ್ಲಿ ನೀರು ಬಳಸಬೇಡಿ. ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಬೇಕು, ಬ್ಯಾಕ್ಟೀರಿಯಾಗಳಿಗೆ ಅದು ಸಾವು. ಒಂದು ಬಕೆಟ್‌ನಲ್ಲಿ ಕೊಳದ ನೀರನ್ನೇ ತೆಗೆದುಕೊಂಡು ಅದ್ದಿ ಹಿಂಡಿದರೆ ಸಾಕು. ಕೊಳಕ್ಕೆ ನಲ್ಲಿ ನೀರು ಬಿಡುವಾಗ ಕ್ಲೋರಿನ್ ಹೋಗಲು ಸೋಡಿಯಂ ಥಯೋಸಲ್ಫೇಟ್ ಹಾಕಿ. ಬೋರ್ ನೀರಾದರೆ ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಎತ್ತರದಿಂದ ಚಿಮ್ಮಿಸಿ ಬಿಡಿ.

ಮೂರನೆಯದು ಶವರ್. ಜಪಾನಿನ ಒಕಾಯಾಮದ ಮೊಮೊತಾರೊ ಕೋಯಿ ಫಾರ್ಮಿನ ಬಕ್ಕಿ ಶವರ್ ಇದರಲ್ಲಿ ಹೆಸರುವಾಸಿ. ನಾನು ಮಾಡಿಸಿದ್ದು ತರಕಾರಿ ಕ್ರೇಟುಗಳಲ್ಲಿ. ಒಂದರ ಮೇಲೊಂದು ಕ್ರೇಟು, ಒಳಗೆ ಸೆರಾಮಿಕ್ ಉಂಗುರ, ಲಾವಾ ಕಲ್ಲು. ಮೇಲೆ ತೂತು ಕೊರೆದ ಪಿವಿಸಿ ಪೈಪ್. ನೀರು ತೊಟ್ಟಿಕ್ಕುತ್ತಾ ಗಾಳಿಯಲ್ಲಿ ಇಳಿಯುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.5 ಗ್ರಾಂ ಆಮ್ಲಜನಕ ಬೇಕು. 20 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿ ಆದರೆ ಏಳೂವರೆ. ಇದು ಸಮುದ್ರ ಮಟ್ಟದ ಲೆಕ್ಕ. 770 ಮೀಟರ್ ಎತ್ತರದ ಮೈಸೂರಿನಲ್ಲಿ ಇನ್ನೂ ಕಡಿಮೆ. ಏಪ್ರಿಲ್ ಬಿಸಿಲಲ್ಲಿ ಶವರ್ ಎಷ್ಟು ಉಪಕಾರ ಅಂತ ಇದರಿಂದಲೇ ಗೊತ್ತಾಗುತ್ತದೆ. ನೀರನ್ನು ಸ್ವಲ್ಪ ತಂಪೂ ಮಾಡುತ್ತದೆ. ಚಳಿ ದೇಶದಲ್ಲಿ ಈ ತಂಪೇ ತೊಂದರೆ, ನಮ್ಮ ಡಿಸೆಂಬರಿಗೆ ಕೋಯಿ ಹೆದರುವುದಿಲ್ಲ. ಕರೆಂಟ್ ಹೋದರೂ ಒದ್ದೆ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಹಲವು ಗಂಟೆ ಬದುಕಿರುತ್ತವೆ.

ಆದರೆ ಕೊಳೆ ತೆಗೆಯುವ ಕೆಲಸ ಇದರಿಂದ ಆಗುವುದಿಲ್ಲ. ಇದೊಂದನ್ನೇ ಓಡಿಸಿದಾಗ ಮೇಲಿನ ಕ್ರೇಟು ಬೇಗನೆ ಕೆಸರು ಕಟ್ಟಿತು. ಬೇಸಿಗೆಯಲ್ಲಿ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಸದ್ದೂ ಇದೆ. ಮಲಗುವ ಕೋಣೆ ಪಕ್ಕ ಬೇಡ.

ಕರೆಂಟ್ ಲೆಕ್ಕ: ಪಂಪು, ಯುವಿ ಸೇರಿ ಕ್ಯಾನಿಸ್ಟರ್ 85 ವಾಟ್, ಅಂದರೆ ತಿಂಗಳಿಗೆ ಸುಮಾರು 61 ಯೂನಿಟ್. ಡ್ರಮ್ಮುಗಳು ಏರ್ ಪಂಪು ಸೇರಿ 65 ವಾಟ್, ಸುಮಾರು 47 ಯೂನಿಟ್. ಶವರ್‌ಗೆ ನೀರು ಆರಡಿ ಎತ್ತಬೇಕು, 100 ವಾಟ್, 72 ಯೂನಿಟ್. ಈಗ ನಮ್ಮಲ್ಲಿ ಡ್ರಮ್ಮಿನ ಪಂಪು ಬದಲು ಶವರ್‌ನ ಪಂಪೇ ಮೂರನೇ ಡ್ರಮ್ಮಿನಿಂದ ನೀರು ಎತ್ತುತ್ತದೆ. ಏರ್ ಪಂಪು ಸೇರಿ 120 ವಾಟ್. ಕ್ಯಾನಿಸ್ಟರಿನ ಯುವಿ ಮಾತ್ರ ಉಳಿಸಿಕೊಂಡು, ನೀರು ಹಸಿರಾದಾಗ ಹಾಕುತ್ತೇನೆ.

ಯಾವುದೇ ಫಿಲ್ಟರ್ ಹಾಕಿ, ಪಂಪಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಕೊಳಕ್ಕೆ ಕೈ ಹಾಕುವವರು ಮನೆಯ ಮಕ್ಕಳು. ಹಳೆಯ ಫಿಲ್ಟರನ್ನು ತಕ್ಷಣ ಕಿತ್ತುಹಾಕಬೇಡಿ. ಹೊಸದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಎರಡನ್ನೂ ಓಡಿಸಿ, ಹಳೆಯ ಸ್ಪಂಜಿನ ಒಂದು ತುಂಡನ್ನು ಹೊಸ ಡ್ರಮ್ಮಿಗೆ ಹಾಕಿ, ಆಹಾರ ಅರ್ಧಕ್ಕೆ ಇಳಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ಹಾಗೇ ನಿಂತ ಮೇಲೆ ಹಳೆಯದನ್ನು ತೆಗೆಯಿರಿ.